ಕಟ್ ಆದ ಕೂಡಲೇ ಕೆಡುವ ಚಿತ್ರ: ಗೇಮ್ ಎಂಜಿನ್‌ನಲ್ಲಿ ಸಿನಿಮಾ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗದ ಒಂದು ಮಹಡಿ ಕೋಣೆಯಲ್ಲಿ ನಾವು ಮೂವರು ಅನ್‌ರಿಯಲ್ ಎಂಜಿನ್ ಬಳಸಿ ಅನಿಮೇಶನ್ ಮಾಡುತ್ತೇವೆ. ನಮ್ಮ ಆಸ್ತಿ ಎಂದರೆ ಎರಡು ಕಂಪ್ಯೂಟರ್, ಒಂದು ಯುಪಿಎಸ್ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದ ಒಂದು ಟವೆಲ್ಲು. ಈಗ ಕೈಯಲ್ಲಿರುವುದು ನಾಲ್ಕು ನಿಮಿಷದ ಚಿತ್ರ: ಸಾಗರದ ಕಡೆಯ ಹೆಂಚಿನ ಮನೆ, ಅಡಿಕೆ ತೋಟ, ಆಷಾಢದ ಮಳೆ, ಕೊನೆಗೊಂದು ಯಕ್ಷಗಾನದ ಕುಣಿತ. ಮಲೆನಾಡನ್ನು ಚಿತ್ರಿಸಲು ಹೊರಟವನಿಗೆ ಗೇಮ್ ಎಂಜಿನ್‌ನ ದೌರ್ಬಲ್ಯಗಳೆಲ್ಲ ಒಟ್ಟಿಗೇ ಎದುರಾಗುತ್ತವೆ. ಕತ್ತಲ ನಡುಮನೆಯ ಸಣ್ಣ ಬೆಳಕು, ಲೆಕ್ಕವಿಲ್ಲದಷ್ಟು ಅಲುಗುವ ಸೋಗೆ, ಮಳೆ, ಮಂಜು, ಇವುಗಳಲ್ಲಿ ಒಂದೂ ಎಂಜಿನ್‌ಗೆ ಸಲೀಸಾದ ಕೆಲಸವಲ್ಲ.

ಈ ಎಂಜಿನ್ ಹೇಗೆ ಚಿತ್ರ ಬಿಡಿಸುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಆಟದಲ್ಲಿ ಸೆಕೆಂಡಿಗೆ 60 ಚಿತ್ರ ಬೇಕು, ಅಂದರೆ ಒಂದೊಂದಕ್ಕೆ ಸಿಗುವುದು 17 ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಬೆಳಕು, ನೆರಳು, ಅಂಚುಗಳ ನಯ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಲು ಆಗುವುದಿಲ್ಲ. ಹಾಗಾಗಿ ಎಂಜಿನ್ ಪ್ರತಿ ಸಲ ಸ್ವಲ್ಪ ಮಾತ್ರ ಲೆಕ್ಕ ಹಾಕಿ, ಉಳಿದದ್ದನ್ನು ಹಿಂದಿನ ಫ್ರೇಮ್‌ಗಳಿಂದ ಕಡ ತರುತ್ತದೆ. ಆಟಗಾರನ ಕ್ಯಾಮೆರಾ ತಡೆಯಿಲ್ಲದೆ ಓಡುತ್ತಲೇ ಇರುವುದರಿಂದ ಈ ಕಡದ ವ್ಯವಹಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಸಿನಿಮಾದಲ್ಲಿ ಹಾಗಲ್ಲ, ನಾಲ್ಕು ಸೆಕೆಂಡಿಗೊಂದು ಕಟ್. ಪ್ರತಿ ಕಟ್‌ನಲ್ಲೂ ಹಿಂದಿನ ನೆನಪು ರದ್ದಿಗೆ ಹೋಗುತ್ತದೆ. ನಮ್ಮ ಪುಸ್ತಕದಲ್ಲಿ ಬರೆದಿಟ್ಟ ದೋಷಗಳಲ್ಲಿ ಹೆಚ್ಚಿನವು ಈ ಒಂದು ಬೇರಿನಿಂದಲೇ ಚಿಗುರಿದವು. ಆದ್ದರಿಂದ ಏನೇ ಕೆಟ್ಟರೂ ಮೊದಲು ಕೇಳಬೇಕಾದದ್ದು ಒಂದೇ: ಕೆಟ್ಟದ್ದು ಕಟ್ ಆದ ಕೂಡಲೇ ಕಾಣುತ್ತದೆಯೋ, ಶಾಟ್‌ನ ಉದ್ದಕ್ಕೂ ಇದೆಯೋ?

ಕೈ ಹಾಕುವ ಮೊದಲು

ಪ್ರಾಜೆಕ್ಟಿನ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಇದನ್ನು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ. ನಾನು ಎರಡು ಸಲ ಕಳೆದುಕೊಂಡ ಮೇಲೆ ಕಲಿತೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಪರೀಕ್ಷೆಗೆ ಇಡೀ ಶಾಟ್ ಬೇಕಾಗಿಲ್ಲ, ದೋಷ ಕಾಣುವ ಜಾಗದ 20 ಫ್ರೇಮ್ ಸಾಕು. ಎಡಿಟರ್ ಕಿಟಕಿಯಲ್ಲಿ ಕಂಡದ್ದನ್ನು ಸಾಕ್ಷಿಯಾಗಿ ಒಪ್ಪಬೇಡಿ. ಮೂವಿ ರೆಂಡರ್ ಕ್ಯೂನಿಂದ, ಅಂದರೆ ಕೊನೆಯ ಚಿತ್ರಗಳನ್ನು ಬಿಡಿಸಿ (ರೆಂಡರ್ ಮಾಡಿ) ಡಿಸ್ಕಿಗೆ ಬರೆಯುವ ಭಾಗದಿಂದ, ಹೊರಬಂದ ಚಿತ್ರವನ್ನೇ ನೋಡಿ.

ಎಂಜಿನ್ ತೆರೆದಾಗ ವಸ್ತುಗಳೆಲ್ಲ ಬೂದು ಚೌಕಳಿಯಾಗಿ ಕಂಡರೆ ಗಾಬರಿ ಬೇಡ. ಕೆಳಗೆ ಮೂಲೆಯಲ್ಲಿ ಶೇಡರ್‌ಗಳ (ವಸ್ತುವಿನ ಬಣ್ಣ, ಹೊಳಪು ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮ್‌ಗಳ) ಎಣಿಕೆ ಇಳಿಯುತ್ತಿರುತ್ತದೆ, ಅದು ಮುಗಿಯುವವರೆಗೆ ಕಾಫಿ ಕುಡಿದು ಬನ್ನಿ. ಹೊಸ ಡ್ರೈವರ್ ಅಥವಾ ಹೊಸ ಆವೃತ್ತಿ ಹಾಕಿದ ಮೇಲೆ ಇದು ಮತ್ತೆ ಬರುತ್ತದೆ. ಇಲ್ಲಿ ಹೇಳುವುದೆಲ್ಲ 2022ರ ಏಪ್ರಿಲ್‌ನಲ್ಲಿ ಬಂದ ಐದನೆಯ ಆವೃತ್ತಿ ಮತ್ತು ಅದರ ನಂತರದವುಗಳಿಗೆ ಅನ್ವಯಿಸುತ್ತದೆ. ಮೆನುಗಳ ಹೆಸರು ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾಗಿರಬಹುದು.

ಕಟ್ ಆದ ಮೊದಲ ಕೆಲವು ಫ್ರೇಮ್‌ಗಳು ಮಾತ್ರ ಕೆಟ್ಟಿವೆ

ಶಾಟ್ ಕತ್ತಲಾಗಿ ಶುರುವಾಗಿ, ಹತ್ತು ಹದಿನೈದು ಫ್ರೇಮ್‌ಗಳಲ್ಲಿ ಬೆಳಗುತ್ತದೆ. ಇದಕ್ಕೆ ಎರಡು ಕಾರಣವಿರಬಹುದು, ಬೇರ್ಪಡಿಸಲು ಕಣ್ಣೇ ಸಾಕು. ಇಡೀ ಚಿತ್ರ ಒಂದೇ ಸಮನಾಗಿ ಬೆಳಗಿದರೆ ಅದು ಆಟೋ ಎಕ್ಸ್‌ಪೋಶರ್‌ನ ಕೆಲಸ: ಬಿಸಿಲಿನಿಂದ ಒಳಗೆ ಬಂದವನ ಕಣ್ಣು ಹೊಂದಿಕೊಳ್ಳುವಂತೆ ಎಂಜಿನ್ ಹೊಂದಿಕೊಳ್ಳುತ್ತಿದೆ. ನೇರ ಬೆಳಕು ಬಿದ್ದ ಜಾಗ ಹಾಗೆಯೇ ಇದ್ದು ಮೂಲೆಗಳು ಮಾತ್ರ ನಿಧಾನವಾಗಿ ತಿಳಿಯಾದರೆ ಅದು ಲ್ಯೂಮೆನ್, ಅಂದರೆ ಚದುರಿದ ಬೆಳಕನ್ನು ಲೆಕ್ಕ ಹಾಕುವ ಭಾಗ.

ಮೊದಲನೆಯದಕ್ಕೆ ಪೋಸ್ಟ್ ಪ್ರೋಸೆಸ್ ವಾಲ್ಯೂಮ್‌ನಲ್ಲಿ (ಬಿಡಿಸಿದ ಚಿತ್ರವನ್ನು ತಿದ್ದುವ ಸೆಟ್ಟಿಂಗ್‌ಗಳಿರುವ ಕಡೆ) ಎಕ್ಸ್‌ಪೋಶರ್ ಅನ್ನು ಮ್ಯಾನ್ಯುಯಲ್‌ಗೆ ತಿರುಗಿಸಿ. ಅರ್ಧ ನಿಮಿಷದ ಕೆಲಸ. ಸಿನಿಮಾ ಮಾಡುವವರು ಪ್ರಾಜೆಕ್ಟಿನ ಮೊದಲ ದಿನವೇ ಇದನ್ನು ಮಾಡಿಬಿಡಬೇಕು. ಎಷ್ಟು ಬೆಳಕು ಬೇಕೆಂದು ತೀರ್ಮಾನಿಸುವುದು ಕ್ಯಾಮೆರಾ ಹಿಡಿದವನ ಹಕ್ಕು, ಯಂತ್ರದ್ದಲ್ಲ.

ಎರಡನೆಯದಕ್ಕೆ ಮದ್ದು ವಾರ್ಮ್‌ಅಪ್. ಮೂವಿ ರೆಂಡರ್ ಕ್ಯೂನ ಆ್ಯಂಟಿ ಅಲಿಯಾಸಿಂಗ್ (ಅಂಚು ನಯಮಾಡುವ) ವಿಭಾಗದಲ್ಲಿ ಎರಡು ಎಣಿಕೆಗಳಿವೆ. ಎಂಜಿನ್ ವಾರ್ಮ್‌ಅಪ್ ಎಂಬುದು ಚಿತ್ರ ಬಿಡಿಸದೆ ಕಾಲವನ್ನು ಮಾತ್ರ ಓಡಿಸುತ್ತದೆ. ಮಳೆ, ಹೊಗೆ, ಬಟ್ಟೆಗೆ ಇದು ಬೇಕು. ರೆಂಡರ್ ವಾರ್ಮ್‌ಅಪ್ ನಿಜವಾಗಿಯೂ ಚಿತ್ರ ಬಿಡಿಸಿ ಎಸೆಯುತ್ತದೆ. ಬೆಳಕು ನೆಲೆಗೊಳ್ಳಲು ಇದು ಬೇಕು. ದೋಸೆ ಹುಯ್ಯುವವರು ಮೊದಲ ದೋಸೆಯನ್ನು ಲೆಕ್ಕಕ್ಕಿಡುವುದಿಲ್ಲ, ಅಷ್ಟೇ ವಿಷಯ. ನಾವು 32ರಿಂದ ಶುರುಮಾಡುತ್ತೇವೆ. ಆದರೆ ಎಲ್ಲ ಶಾಟ್‌ಗೂ ಕಣ್ಣು ಮುಚ್ಚಿ ಹಾಕಬೇಡಿ: 60 ಶಾಟ್‌ಗೆ 32ರಂತೆ 1,920 ಫ್ರೇಮ್ ಬರೀ ಎಸೆಯಲಿಕ್ಕೆ ಬಿಡಿಸಿದಂತಾಗುತ್ತದೆ.

ಬಟ್ಟೆ ಮೊದಲ ಫ್ರೇಮ್‌ನಲ್ಲಿ ಗಾಳಿಪಟದಂತೆ ಹಾರಿದರೆ ವಾರ್ಮ್‌ಅಪ್ ಒಂದೇ ಸಾಲದು. ಪಾತ್ರ ಕೈ ಚಾಚಿ ನಿಂತ ಮೂಲ ಭಂಗಿಯಿಂದ ಒಮ್ಮೆಲೇ ಕುಣಿತದ ನಡುವಿಗೆ ಜಿಗಿದಿರುತ್ತದೆ, ಬಟ್ಟೆಯ ಲೆಕ್ಕ ಅಲ್ಲಿಯೇ ಹರಿದುಹೋಗುತ್ತದೆ. ಶಾಟ್ ಶುರುವಾಗುವ ಒಂದು ಸೆಕೆಂಡು ಮೊದಲೇ ಪಾತ್ರವನ್ನು ಮೂಲ ಭಂಗಿಯಲ್ಲಿ ನಿಲ್ಲಿಸಿ, ಅಲ್ಲಿಂದ ಮೆಲ್ಲಗೆ ಕುಣಿತದ ಭಂಗಿಗೆ ತನ್ನಿ. ಶಾಟ್‌ಗಳನ್ನು ಕಾಲಕ್ರಮದಲ್ಲಿ ಜೋಡಿಸುವ ಸೀಕ್ವೆನ್ಸರ್‌ನಲ್ಲಿ ಕ್ಯಾಮೆರಾ ಕಟ್‌ನ ಪಟ್ಟಿಯನ್ನೂ ಅಷ್ಟೇ ಹಿಂದಕ್ಕೆ ಎಳೆದು, ವಾರ್ಮ್‌ಅಪ್‌ಗೆ ಕ್ಯಾಮೆರಾ ಕಟ್ ಬಳಸುವ ಆಯ್ಕೆಗೆ ಗುರುತು ಹಾಕಿ. ಆಗ ಎಂಜಿನ್ ಆ ಹಿಂದಿನ ಸೆಕೆಂಡನ್ನು ನಿಜವಾಗಿಯೂ ಆಡಿಸಿಕೊಂಡು ಬರುತ್ತದೆ. ನಮ್ಮ ವೇಷಧಾರಿಯ ಕಸೆ ಸೀರೆ ಮೈಮೇಲೆ ನಿಂತದ್ದು ಹೀಗೆ.

ಒಂದೇ ಒಂದು ಫ್ರೇಮ್ ಪೂರ್ತಿ ಉಜ್ಜಿದಂತೆ ಮಸುಕಾಗಿದ್ದರೆ ಕಾರಣ ಬೇರೆ. ನೀವು ಕ್ಯಾಮೆರಾ ಕಟ್ ಹಾಕುವ ಬದಲು ಒಂದೇ ಕ್ಯಾಮೆರಾವನ್ನು ಕೀಫ್ರೇಮ್ (ಇಂಥ ಹೊತ್ತಿಗೆ ಇಂಥ ಜಾಗ ಎಂಬ ಗುರುತು) ಹಾಕಿ ಜಗಲಿಯಿಂದ ತೋಟಕ್ಕೆ ಹಾರಿಸಿದ್ದೀರಿ. ಅದು ಒಂದು ಫ್ರೇಮ್‌ನಲ್ಲಿ ನೂರು ಅಡಿ ಓಡಿತೆಂದು ಎಂಜಿನ್ ನಂಬಿದೆ. ಎರಡು ಕ್ಯಾಮೆರಾ ಇಡಿ.

ಹೆಂಚಿನ ಮನೆಯೊಳಗೆ ಗೋಡೆ ಕುದಿಯುತ್ತದೆ, ಮೂಲೆಯಲ್ಲಿ ಬೆಳಕು ಸೋರುತ್ತದೆ

ಇದರ ಜೊತೆ ನಾನು ಒಂದು ವಾರ ಗುದ್ದಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಡುಮನೆಯ ದೃಶ್ಯ. ಬೆಳಕೆಂದರೆ ಮಾಡಿನ ಎರಡು ಗಾಜಿನ ಹೆಂಚಿನಿಂದ ಇಳಿಯುವಷ್ಟೇ, ದೇವರ ಗೂಡಿನಲ್ಲಿ ಒಂದು ದೀಪ. ಎಡಿಟರ್‌ನಲ್ಲಿ ಕಣ್ಣಿಗೆ ಹಬ್ಬವಾಗಿತ್ತು. ರೆಂಡರ್ ಮಾಡಿದರೆ ಗೋಡೆಯ ಮೇಲ್ಭಾಗ ಕುದಿಯುವ ಗಂಜಿಯಂತೆ ಮಿಡುಕುತ್ತಿತ್ತು, ಮಾಡು ಗೋಡೆಗೆ ಸೇರುವ ಕಡೆ ಉದ್ದಕ್ಕೂ ಒಂದು ಬಿಳಿ ಗೆರೆ. ನಾನು ಮಾಡಿದ ತಪ್ಪೆಂದರೆ ನೇರವಾಗಿ ಗುಣಮಟ್ಟದ ಅಂಕಿಗಳನ್ನು ಏರಿಸುತ್ತ ಹೋದದ್ದು. ಎರಡು, ನಾಲ್ಕು, ಎಂಟು. ಫ್ರೇಮ್ ಒಂದಕ್ಕೆ ಹಿಡಿಯುವ ಹೊತ್ತು ಏರಿತು, ಫ್ಯಾನ್ ಕಿರುಚಿತು, ಗೆರೆ ಮಾತ್ರ ಅಲ್ಲಿಯೇ ಇತ್ತು.

ಕೊನೆಗೆ ವ್ಯೂ ಮೋಡ್‌ನಲ್ಲಿ ಲ್ಯೂಮೆನ್‌ನ ಸರ್ಫೇಸ್ ಕ್ಯಾಶ್ (ಮೇಲ್ಮೈಗಳ ಬಗ್ಗೆ ಅದು ಉಳಿಸಿಟ್ಟ ಮಾಹಿತಿ) ನೋಟ ತೆರೆದೆ. ಇದಕ್ಕೆ ಖರ್ಚಿಲ್ಲ, ನೀವು ಮೊದಲೇ ತೆರೆಯಿರಿ. ಗುಲಾಬಿ ಬಣ್ಣದಲ್ಲಿ ಕಾಣುವ ಜಾಗದ ಬಗ್ಗೆ ಲ್ಯೂಮೆನ್‌ಗೆ ಏನೂ ಗೊತ್ತಿಲ್ಲ ಎಂದರ್ಥ. ನನ್ನ ಇಡೀ ಮನೆ ಗುಲಾಬಿಯಾಗಿತ್ತು. ಗೋಡೆ, ಮಾಡು, ನೆಲ, ಮುಂಡಿಗೆ ಎಲ್ಲವನ್ನೂ ಒಂದೇ ಮೆಶ್ (ವಸ್ತುವಿನ ಆಕಾರದ ಬಲೆ) ಆಗಿ ಮಾಡಿದ್ದೆ. ಲ್ಯೂಮೆನ್ ಹೊರಗಿನಿಂದ ಅದನ್ನು ಒಂದು ಪೆಟ್ಟಿಗೆಯಂತೆ ಕಂಡಿತ್ತು, ಒಳಗಿನ ಗೋಡೆಗಳು ಅದರ ಲೆಕ್ಕಕ್ಕೇ ಸಿಕ್ಕಿರಲಿಲ್ಲ. ನಾಲ್ಕು ಗೋಡೆ, ನೆಲ, ಮಾಡಿನ ಎರಡು ಇಳಿಜಾರುಗಳನ್ನು ಬೇರೆ ಬೇರೆ ಮೆಶ್ ಮಾಡಿ ಜೋಡಿಸಿದೆ. ಕುದಿತ ಮುಕ್ಕಾಲು ಪಾಲು ನಿಂತಿತು.

ಬಿಳಿ ಗೆರೆ ಉಳಿಯಿತು. ಹೆಂಚಿನ ಮಾಡನ್ನು ಕಾಗದದಷ್ಟು ತೆಳುವಾದ ಒಂದೇ ಹಾಳೆಯಲ್ಲಿ ಮಾಡಿದ್ದೆ. ಲ್ಯೂಮೆನ್‌ಗೆ ಗೋಡೆಯಾಗಲಿ ಮಾಡಾಗಲಿ 10 ಸೆಂಟಿಮೀಟರಿಗಿಂತ ತೆಳುವಾಗಿರಬಾರದು, ಇಲ್ಲದಿದ್ದರೆ ಹೊರಗಿನ ಬೆಳಕು ಒಳಗೆ ನುಸುಳುತ್ತದೆ. ನಿಜವಾದ ಮಾಡಿನಲ್ಲಿ ಪಕಾಸಿ ಇರುತ್ತದೆ, ರೀಪು ಇರುತ್ತದೆ, ಮೇಲೆ ಹೆಂಚು. ನಾನು ಹೆಂಚಿನ ಚಿತ್ರವನ್ನಷ್ಟೇ ಮಾಡಿದ್ದೆ. ಪಕಾಸಿ, ರೀಪು ಕೂರಿಸಿ, ಮಾಡಿನ ಹಾಳೆಗೂ ದಪ್ಪ ಕೊಟ್ಟು, ಸೂರನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಚಾಚಿದ ಮೇಲೆ ಸೋರಿಕೆ ನಿಂತಿತು. ಊರಿನ ಬಡಗಿಯನ್ನು ಮೊದಲೇ ಕೇಳಿದ್ದರೆ ವಾರ ಉಳಿಯುತ್ತಿತ್ತು.

ಇನ್ನೂ ಮಿಡುಕುತ್ತಿದ್ದರೆ ದೀಪವನ್ನು ಅನುಮಾನಿಸಿ. ಬತ್ತಿಯ ತುದಿಯಷ್ಟು ಸಣ್ಣ ವಸ್ತುವಿಗೆ ವಿಪರೀತ ಹೊಳಪು ಕೊಟ್ಟು ಅದರಿಂದಲೇ ಕೋಣೆ ಬೆಳಗಲಿ ಎಂದರೆ ಎಂಜಿನ್‌ಗೆ ಆ ಚುಕ್ಕೆ ಒಂದು ಫ್ರೇಮ್‌ನಲ್ಲಿ ಸಿಗುತ್ತದೆ, ಇನ್ನೊಂದರಲ್ಲಿ ತಪ್ಪುತ್ತದೆ. ಜ್ವಾಲೆಯ ಹೊಳಪು ತಗ್ಗಿಸಿ, ಅದರ ಪಕ್ಕದಲ್ಲೇ ಒಂದು ಪಾಯಿಂಟ್ ಲೈಟ್ ಇಡಿ. ಗಾಜಿನ ಹೆಂಚಿನ ಕೆಳಗೂ ಒಂದು ರೆಕ್ಟ್ ಲೈಟ್ ಸೇರಿಸಬಹುದು. ಕ್ಯಾಮೆರಾ ಹಿಡಿದು ನಿಜವಾದ ಮನೆಯಲ್ಲಿ ಚಿತ್ರೀಕರಿಸುವವರೂ ಇದನ್ನೇ ಮಾಡುತ್ತಾರೆ, ನಾಚಿಕೆಪಡಬೇಕಾಗಿಲ್ಲ.

ಇಷ್ಟಾದ ಮೇಲೆಯೇ ಪೋಸ್ಟ್ ಪ್ರೋಸೆಸ್‌ನ ಫೈನಲ್ ಗ್ಯಾದರ್ ಗುಣಮಟ್ಟವನ್ನು ಎರಡಕ್ಕೆ, ಬೇಕಾದರೆ ನಾಲ್ಕಕ್ಕೆ ಏರಿಸಿ. ಗ್ರಾಫಿಕ್ಸ್ ಕಾರ್ಡಿನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಹಿಡಿದು ಲೆಕ್ಕ ಹಾಕುವ) ಸೌಲಭ್ಯವಿದ್ದರೆ ಹಾರ್ಡ್‌ವೇರ್ ರೇ ಟ್ರೇಸಿಂಗ್ ಆನ್ ಮಾಡಿ ನೋಡಿ. ಕೊನೆಯ ಉಪಾಯ ಪಾತ್ ಟ್ರೇಸರ್: ಅದು ಹಿಂದಿನ ಫ್ರೇಮ್‌ನ ಹಂಗಿಲ್ಲದೆ ಪ್ರತಿಯೊಂದನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ಆದರೆ ಫ್ರೇಮ್‌ಗೆ ಸೆಕೆಂಡುಗಳ ಬದಲು ನಿಮಿಷಗಳು ಹಿಡಿಯಬಹುದು. ಹಾಗೆ ಮಾಡುವುದಾದರೆ ಗೇಮ್ ಎಂಜಿನ್ ಹಿಡಿದದ್ದಾದರೂ ಏಕೆ ಎಂದು ನನ್ನ ಗೆಳೆಯ ಕೇಳುತ್ತಾನೆ. ಒಂದೆರಡು ಶಾಟ್‌ಗೆ ಮಾತ್ರ ಎಂಬುದು ನನ್ನ ಉತ್ತರ.

ಅಡಿಕೆ ಮರದ ಹಿಂದೆ ಮರದ ದೆವ್ವ

ಗಾಳಿಗೆ ತೂಗುವ ಸೋಗೆಯ ಹಿಂದೆ ಅದರದೇ ಮಸುಕು ನೆರಳು ಎಳೆದುಕೊಂಡು ಬರುತ್ತದೆ. ಸೋಗೆಯನ್ನು ತೂಗಿಸುತ್ತಿರುವುದು ಮೂಳೆ ಜೋಡಿಸಿದ ಅನಿಮೇಶನ್ ಅಲ್ಲ, ಮೆಟೀರಿಯಲ್‌ನೊಳಗಿನ (ವಸ್ತುವಿನ ಮೇಲ್ಮೈ ಹೇಗಿರಬೇಕೆಂದು ಹೇಳುವ ಭಾಗದ) ಲೆಕ್ಕ. ಎಲೆ ಎಷ್ಟು ಚಲಿಸಿತು ಎಂಬ ಸುದ್ದಿ ಅಂಚು ನಯಮಾಡುವ ಭಾಗಕ್ಕೆ ತಲುಪದಿದ್ದರೆ ಅದು ಹಳೆಯ ಎಲೆಯನ್ನೂ ಹೊಸ ಎಲೆಯನ್ನೂ ಕಲಸಿಬಿಡುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ‘ವೆಲಾಸಿಟಿ’ ಎಂದು ಹುಡುಕಿ, ವರ್ಟೆಕ್ಸ್ ಡಿಫಾರ್ಮೇಶನ್‌ನಿಂದಾಗುವ (ಮೆಶ್‌ನ ಬಿಂದುಗಳು ಸರಿಯುವುದರಿಂದಾಗುವ) ಚಲನೆಯನ್ನೂ ಬರೆಯುವಂತೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಮೂವಿ ರೆಂಡರ್ ಕ್ಯೂನಲ್ಲಿ ಆ್ಯಂಟಿ ಅಲಿಯಾಸಿಂಗ್ ಅನ್ನು ಇಲ್ಲ ಎಂದು ಬದಲಿಸಿ, ಸ್ಯಾಂಪಲ್‌ಗಳ ಸಂಖ್ಯೆ ಏರಿಸಿ. ಹಿಂದಿನ ಫ್ರೇಮ್‌ನಿಂದ ಕಡ ತರುವುದನ್ನೇ ನಿಲ್ಲಿಸಿ, ಒಂದೇ ಫ್ರೇಮನ್ನು ಹಲವು ಸಲ ಬಿಡಿಸಿ ಬೆರೆಸುವ ವಿಧಾನ ಇದು. ನಿಧಾನ, ಆದರೆ ನಿಯತ್ತಿನದು.

ಹತ್ತಿರದ ಮರ ತೂಗುತ್ತದೆ, ತೋಟದ ಆಚೆ ತುದಿಯದು ಕಲ್ಲಾಗಿ ನಿಂತಿದೆ ಎಂದಾದರೆ ಮರದ ಮೆಶ್‌ನಲ್ಲಿ ಈ ತೂಗಾಟ ಮಾಡಿಸುವ ‘ವರ್ಲ್ಡ್ ಪೊಸಿಶನ್ ಆಫ್‌ಸೆಟ್’ ನಿಲ್ಲುವ ದೂರವನ್ನು ನೋಡಿ. ಆಟದಲ್ಲಿ ದೂರದ ಮರ ತೂಗದಿದ್ದರೂ ಯಾರೂ ಕೇಳುವುದಿಲ್ಲವೆಂದು ಅಲ್ಲೊಂದು ಮಿತಿ ಇಟ್ಟಿರುತ್ತಾರೆ. ಸೊನ್ನೆ ಹಾಕಿದರೆ ಮಿತಿ ಹೋಗುತ್ತದೆ.

ಗಾಳಿ ಕೊಟ್ಟ ಕೂಡಲೇ ಯಂತ್ರ ಕುಂಟುತ್ತದೆ ಎಂಬುದು ದೋಷವಲ್ಲ, ಬೆಲೆ. ವರ್ಚುವಲ್ ಶ್ಯಾಡೋ ಮ್ಯಾಪ್ ಒಮ್ಮೆ ಹಾಕಿದ ನೆರಳನ್ನು ಉಳಿಸಿಟ್ಟು ಮತ್ತೆ ಬಳಸುತ್ತದೆ. ಎಲೆ ಅಲುಗಿದರೆ ಉಳಿಸಿಟ್ಟದ್ದೆಲ್ಲ ವ್ಯರ್ಥ. ಕ್ಯಾಮೆರಾಕ್ಕೆ ಕಾಣದ ಮರಗಳ ಗಾಳಿಯನ್ನು ನಿಲ್ಲಿಸಿಬಿಡಿ. ನಾವು ಸಾವಿರ ಮರ ನೆಟ್ಟಿದ್ದೆವು, ಶಾಟ್‌ನಲ್ಲಿ ಕಾಣುತ್ತಿದ್ದುದು ನೂರು ನೂರೈವತ್ತು. ಉಳಿದವನ್ನು ಕಡಿದು ಹಾಕಿದೆವು. ತೋಟದವರು ಕ್ಷಮಿಸಬೇಕು.

ಮಳೆ ಮಣಿ ಪೋಣಿಸಿದ ಹಾಗಿದೆ

ಈ ಲಕ್ಷಣಕ್ಕೆ ಹೆಸರು ಕೊಟ್ಟವರು ನನ್ನ ಅತ್ತೆ. ಊರಿಂದ ಬಂದವರಿಗೆ ಉತ್ಸಾಹದಿಂದ ಸೂರಿನ ನೀರು ಬೀಳುವ ಶಾಟ್ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. “ಮಾಣಿ, ಸೂರಿನ ನೀರು ನೂಲಿನ ಹಾಗೆ ಇಳಿಯಬೇಕು. ಇದೇನು, ಮಣಿ ಪೋಣಿಸಿದ ಹಾಗಿದೆಯಲ್ಲ?” ಎಂದರು. ನಾವು ಮೂವರೂ ಹದಿನೈದು ದಿನದಿಂದ ನೋಡುತ್ತಿದ್ದೆವು, ನಮಗೆ ಕಂಡಿರಲಿಲ್ಲ.

ಲೆಕ್ಕ ಹೀಗಿದೆ. ಮೂರು ಮೀಟರ್ ಎತ್ತರದ ಸೂರಿನಿಂದ ಬಿಟ್ಟ ಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 7.7 ಮೀಟರ್ ವೇಗದಲ್ಲಿರುತ್ತದೆ. 24 ಫ್ರೇಮ್‌ನ ಚಿತ್ರದಲ್ಲಿ ಶಟರ್ ತೆರೆದಿರುವುದು ಸಾಮಾನ್ಯವಾಗಿ ಸೆಕೆಂಡಿನ 48ನೆಯ ಒಂದು ಭಾಗ. ಅಷ್ಟರಲ್ಲಿ ಹನಿ 16 ಸೆಂಟಿಮೀಟರ್ ಇಳಿಯುತ್ತದೆ. ಕ್ಯಾಮೆರಾಕ್ಕೆ ಅದು 16 ಸೆಂಟಿಮೀಟರ್ ಉದ್ದದ ಎಳೆ. ನಾವು ಟೆಂಪೊರಲ್ ಸ್ಯಾಂಪಲ್ 8 ಇಟ್ಟಿದ್ದೆವು, ಅಂದರೆ ಎಂಜಿನ್ ಆ ಎಳೆಯನ್ನು ಎಂಟು ಕಡೆ ಮಾತ್ರ ನೋಡಿ, ಎರಡೆರಡು ಸೆಂಟಿಮೀಟರಿಗೊಂದು ಹನಿ ಬಿಡಿಸಿತ್ತು. ನಡುವಿನ ಸಂದನ್ನು ಮೋಶನ್ ಬ್ಲರ್ ತುಂಬಬೇಕಿತ್ತು, ಆದರೆ ಪಾರದರ್ಶಕ ಮೆಟೀರಿಯಲ್‌ಗಳು ತಮ್ಮ ವೇಗವನ್ನು ತಾವಾಗಿ ಬರೆಯುವುದಿಲ್ಲ. ಅತ್ತೆ ಕಂಡ ಮಣಿ ಅದೇ.

ಅಗ್ಗದ ದಾರಿ: ಮಳೆ, ಹೊಗೆಯಂಥವನ್ನು ಮಾಡುವ ನಯಾಗರಾ ಎಂಬ ಭಾಗದಲ್ಲಿ ಹನಿಯನ್ನು ಗುಂಡಗೆ ಬಿಡಿಸದೆ, ವೇಗದ ದಿಕ್ಕಿಗೆ ಉದ್ದವಾಗಿ ಎಳೆದ ಎಳೆಯಾಗಿಯೇ ಬಿಡಿಸುವುದು. ಅದಕ್ಕೂ ಒಗ್ಗದ, ಕ್ಯಾಮೆರಾ ತೀರಾ ಹತ್ತಿರವಿರುವ ಶಾಟ್‌ಗೆ ಸ್ಯಾಂಪಲ್ 32. ಆಗ ಅಂತರ ಅರ್ಧ ಸೆಂಟಿಮೀಟರಿಗೆ ಇಳಿದು ಹನಿಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಒಂದೇ ಮಳೆ ಪ್ರತಿ ರೆಂಡರ್‌ಗೂ ಬೇರೆ ಬೇರೆಯಾಗಿ ಬೀಳುತ್ತಿದ್ದರೆ ನಯಾಗರಾದ ಸಿಮ್ಯುಲೇಶನ್ ಕ್ಯಾಶ್‌ನಲ್ಲಿ ಅದನ್ನು ಹಿಡಿದಿಟ್ಟುಕೊಳ್ಳಿ.

ಸಿಡಿಲಿನ ದೃಶ್ಯವಿದ್ದರೆ ಒಂದು ಎಚ್ಚರಿಕೆ. ಪರದೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಝಗ್ಗೆಂದು ಮಿಂಚುವಂತೆ ಮಾಡಬೇಡಿ. ಬೆಳಕಿನ ಮಿಡುಕಿಗೆ ಅಪಸ್ಮಾರ ಬರುವವರಿದ್ದಾರೆ. ಮಿಡುಕುವ ದೋಷಪೂರ್ಣ ರೆಂಡರನ್ನು ಕತ್ತಲ ಕೋಣೆಯಲ್ಲಿ ಕೂತು ಪದೇ ಪದೇ ಓಡಿಸಿ ನೋಡುವ ನಮಗೂ ಇದು ಅನ್ವಯಿಸುತ್ತದೆ.

ಮಂಜಿನಲ್ಲಿ ಪಟ್ಟೆ ಪಟ್ಟೆ, ಬಣ್ಣ ಬೇರೆಯೇ

ಆಗುಂಬೆಯ ಬೆಳಗಿನ ಮಂಜು ಎಂದರೆ ಬಿಳಿಯಿಂದ ಬೂದಿಗೆ ಜಾರುವ ಸಾವಿರ ಛಾಯೆ. 8 ಬಿಟ್‌ನ ಪಿಎನ್‌ಜಿ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ ಇರುವುದು 256 ಮೆಟ್ಟಿಲು, ಮಂಜಿನ ಭಾಗಕ್ಕೆ ಅದರಲ್ಲಿ ಸಿಗುವುದು ಹತ್ತಿಪ್ಪತ್ತು. ಆ ಮೆಟ್ಟಿಲುಗಳೇ ಪಟ್ಟೆಯಾಗಿ ಕಾಣುತ್ತವೆ. ಮೊದಲು ಮಾನಿಟರ್ ಬದಲಿಸಿ ನೋಡಿ. ಕೆಲವು ಅಗ್ಗದ ಪರದೆಗಳು ಇಲ್ಲದ ಪಟ್ಟೆಯನ್ನೂ ತೋರಿಸುತ್ತವೆ. ಅಲ್ಲಿಯೂ ಕಂಡರೆ ಇನ್ನೂ ಹೆಚ್ಚು ಮೆಟ್ಟಿಲುಗಳಿರುವ 16 ಬಿಟ್‌ನ ಇಎಕ್ಸ್‌ಆರ್ ಕಡತಕ್ಕೆ ಬದಲಿಸಿ. ಡಿಸ್ಕಿನ ಲೆಕ್ಕ ಇಟ್ಟುಕೊಂಡಿರಿ: 1920 x 1080 ಅಳತೆಯಲ್ಲಿ ಕುಗ್ಗಿಸದ ಒಂದು ಫ್ರೇಮ್ ಸುಮಾರು 16 ಎಂಬಿ, ನಾಲ್ಕು ನಿಮಿಷಕ್ಕೆ 5,760 ಫ್ರೇಮ್, ಒಟ್ಟು 90 ಜಿಬಿ ದಾಟುತ್ತದೆ. ಕುಗ್ಗಿಸಿದರೆ ಇದಕ್ಕಿಂತ ಸಾಕಷ್ಟು ಕಡಿಮೆ. ಕೊನೆಯ ವಿಡಿಯೊದಲ್ಲಿ ಪಟ್ಟೆ ಮರಳಿ ಬಂದರೆ ಚಿತ್ರದ ಮೇಲೆ ತುಸು ಗ್ರೇನ್ ಉದುರಿಸಿ.

ಇಎಕ್ಸ್‌ಆರ್ ಅನ್ನು ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದ ಕೂಡಲೇ ಮಸಿ ಬಳಿದಂತಾದರೆ ಅದು ಲಿನಿಯರ್ ಕಡತವೆಂದು, ಅಂದರೆ ಬೆಳಕಿನ ಅಳತೆಯನ್ನು ಪರದೆಗೆ ಹೊಂದಿಸದೆ ಹಾಗೆಯೇ ಬರೆದದ್ದೆಂದು, ತಂತ್ರಾಂಶಕ್ಕೆ ಗೊತ್ತಾಗಿಲ್ಲ. ಇನ್‌ಪುಟ್ ಬಣ್ಣದ ಸೆಟ್ಟಿಂಗ್‌ನಲ್ಲಿ ಹೇಳಿಕೊಡಿ. ತೊಳೆದು ಒಣಗಿಸಿದಂತೆ ಪೇಲವವಾದರೆ ಅದೇ ಪರಿವರ್ತನೆ ಎರಡು ಸಲ ಆಗಿದೆ.

ಗೋಡೆಯ ಮೇಲಿನ ಹಸೆ ಚಿತ್ತಾರ ಮಸುಕು

ಹತ್ತಿರ ಹೋದರೂ ಚಿತ್ತಾರದ ಗೆರೆ ಮೂಡುವುದಿಲ್ಲ, ಪರದೆಯ ಮೇಲೆ ಟೆಕ್ಸ್‌ಚರ್ ಸ್ಟ್ರೀಮಿಂಗ್ ಪೂಲ್ ಮಿತಿ ಮೀರಿದೆ ಎಂಬ ಕೆಂಪು ಸಾಲು. ಟೆಕ್ಸ್‌ಚರ್‌ಗಳಿಗೆ, ಅಂದರೆ ವಸ್ತುಗಳ ಮೇಲೆ ಹೊದಿಸುವ ಚಿತ್ರಗಳಿಗೆ, ಮೀಸಲಿಟ್ಟ ವಿಡಿಯೊ ಮೆಮೊರಿ ಸಾಲುತ್ತಿಲ್ಲ. ಮೊದಲು ಬ್ರೌಸರ್ ಮುಚ್ಚಿ. ಆಮೇಲೆ ಯಾವ ವಸ್ತುವಿಗೆ ಅನವಶ್ಯಕವಾಗಿ 4ಕೆ, 8ಕೆ ಟೆಕ್ಸ್‌ಚರ್ ಹಾಕಿದ್ದೀರಿ ನೋಡಿ. ನಮ್ಮ ಚಿತ್ರದಲ್ಲಿ ಮೂಲೆಯಲ್ಲಿದ್ದ ಒಂದು ತಂಬಿಗೆಗೆ 8ಕೆ ಇತ್ತು. ರೆಂಡರ್ ಕ್ಯೂನ ಗೇಮ್ ಓವರ್‌ರೈಡ್ಸ್‌ನಲ್ಲಿ ಟೆಕ್ಸ್‌ಚರ್‌ಗಳನ್ನು ಪೂರ್ತಿ ಲೋಡ್ ಮಾಡುವ ಆಯ್ಕೆ ಇದೆ. 8 ಜಿಬಿ ಕಾರ್ಡಿನಲ್ಲಿ ಮಾತ್ರ ಎಚ್ಚರ: ಮೆಮೊರಿ ತುಂಬಿ ಎಂಜಿನ್ ಬೀಳಬಹುದು.

ಚಂಡೆಯ ಪೆಟ್ಟಿಗೆ ಹೆಜ್ಜೆ ಕೂಡುವುದಿಲ್ಲ

ಮಂಡಿ ಕುಣಿತದ ಶಾಟ್. ಶುರುವಿನಲ್ಲಿ ಸರಿಯಿದೆ, ಹೋಗುತ್ತ ಹೋಗುತ್ತ ಹೆಜ್ಜೆ ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದರಲ್ಲೇ ರೋಗದ ಹೆಸರಿದೆ. ನಾಲ್ಕು ನಿಮಿಷದ ಚಿತ್ರ 3 ನಿಮಿಷ 12 ಸೆಕೆಂಡಿಗೆ ಮುಗಿದರೆ 24ರಲ್ಲಿ ಬಿಡಿಸಿದ್ದನ್ನು 30ರಲ್ಲಿ ಓದಿದ್ದೀರಿ. ಸೀಕ್ವೆನ್ಸರ್ ತಾನಾಗಿ 30ರಲ್ಲಿ ತೆರೆದುಕೊಳ್ಳುತ್ತದೆ, ಅದನ್ನು ಮೊದಲೇ 24ಕ್ಕೆ ಬದಲಿಸಬೇಕು. ಕೊನೆಗೆ ಕಾಲು ಸೆಕೆಂಡಿನಷ್ಟು ಮಾತ್ರ ವ್ಯತ್ಯಾಸವಿದ್ದರೆ ಒಂದು ಕಡೆ 24, ಇನ್ನೊಂದು ಕಡೆ 23.976 ಇದೆ. ಶುರುವಿನಿಂದ ಕೊನೆಯವರೆಗೆ ಒಂದೇ ಅಂತರವಿದ್ದರೆ ದರದ ತಪ್ಪಲ್ಲ, ಧ್ವನಿಯನ್ನು ಇಟ್ಟ ಜಾಗ ತಪ್ಪಿದೆ, ಹಿಡಿದು ಸರಿಸಿ. ಎಡಿಟರ್‌ನಲ್ಲಿ ನೋಡುವಾಗ ಮಾತ್ರ ತಪ್ಪಿ ರೆಂಡರ್‌ನಲ್ಲಿ ಸರಿಯಿದ್ದರೆ ಏನೂ ಮಾಡಬೇಡಿ. ಯಂತ್ರ ಸೋತು ಫ್ರೇಮ್ ನುಂಗುತ್ತಿದೆ, ಅಷ್ಟೇ.

ರೆಂಡರ್ ನಡುವೆ ಎಲ್ಲ ನಿಂತುಹೋಗುತ್ತದೆ

ಇಲ್ಲಿ ಎರಡು ಬೇರೆ ಕಾಯಿಲೆಗಳನ್ನು ಜನ ಒಂದೇ ಎಂದು ಹೇಳುತ್ತಾರೆ. ಎಂಜಿನ್ ಮುಚ್ಚಿಕೊಂಡು ವಿಂಡೋಸ್ ಉಳಿದಿದ್ದರೆ ಒಂದು. ಯಂತ್ರವೇ ಆರಿಹೋದರೆ ಇನ್ನೊಂದು. ನೀವು ಮಲಗಿದ್ದಾಗ ಆದದ್ದಾದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಯಿರಿ. ಡಿಸ್‌ಪ್ಲೇ ಹೆಸರಿನಲ್ಲಿ 4101 ಇದ್ದರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡದೆ ಮರುಪ್ರಾರಂಭವಾಗಿದೆ. ಕರ್ನಲ್ ಪವರ್ 41 ಇದ್ದರೆ ಯಂತ್ರ ಹೇಳದೆ ಕೇಳದೆ ಆರಿದೆ.

ಎಂಜಿನ್ ಮಾತ್ರ ಬಿದ್ದಿದ್ದರೆ: ಸ್ಯಾಂಪಲ್ ತಗ್ಗಿಸಿ, ಅಳತೆ ತಗ್ಗಿಸಿ, ಅದೇ ಫ್ರೇಮ್‌ನಿಂದ ಮತ್ತೆ ಓಡಿಸಿ. ಯಾವಾಗಲೂ ಒಂದೇ ಫ್ರೇಮ್‌ನಲ್ಲಿ ಬಿದ್ದರೆ ದೋಷ ಆ ದೃಶ್ಯದೊಳಗಿದೆ. ಅಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ವಸ್ತುವನ್ನು ಅಡಗಿಸಿ ನೋಡಿ. ಒಂದೊಂದು ಸಲ ಒಂದೊಂದು ಕಡೆ ಬಿದ್ದರೆ ಮೆಮೊರಿ, ಶಾಖ ಅಥವಾ ಡ್ರೈವರ್. ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಉತ್ತರಿಸಲು ಕೊಡುವ ಅವಧಿ ತಾನಾಗಿ ಎರಡೇ ಸೆಕೆಂಡು. ಭಾರೀ ಫ್ರೇಮ್‌ಗೆ ಅದು ಸಾಲದಿದ್ದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತ) ಟಿಡಿಆರ್ ಡಿಲೇ ಎಂಬುದನ್ನು 60ಕ್ಕೆ ಏರಿಸುವ ವಾಡಿಕೆಯಿದೆ. ರಿಜಿಸ್ಟ್ರಿಯ ಪ್ರತಿ ತೆಗೆದಿಡದೆ ಅಲ್ಲಿಗೆ ಹೋಗಬೇಡಿ.

ಯಂತ್ರವೇ ಆರಿದರೆ ಅಗ್ಗದ ಪರೀಕ್ಷೆ ಕೈಯಲ್ಲೇ ಇದೆ: ಕಾರ್ಡಿನ ವಿದ್ಯುತ್ ಮಿತಿಯನ್ನು 80 ಪ್ರತಿಶತಕ್ಕೆ ಇಳಿಸಿ ಅದೇ ಶಾಟ್ ಓಡಿಸಿ. ಯಂತ್ರ ಆರುವುದು ನಿಂತರೆ ಪವರ್ ಸಪ್ಲೈ, ಶಾಖ ಅಥವಾ ಯುಪಿಎಸ್ ಮೇಲೆ ಅನುಮಾನ ಗಟ್ಟಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ದೊಡ್ಡ ಕಾರ್ಡೊಂದೇ ಅಷ್ಟನ್ನು ಕುಡಿದುಬಿಡಬಹುದು. ಕರೆಂಟ್ ಇರುವಾಗ ಎಲ್ಲ ಸರಿಯಿದ್ದು, ಹೋದ ಕ್ಷಣಕ್ಕೆ ಯುಪಿಎಸ್ ಕೂಗಿ ಯಂತ್ರ ಆರಿದರೆ ಇದೇ ಕಾರಣ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಈ ಯಂತ್ರವನ್ನು ಸಿಕ್ಕಿಸಬೇಡಿ. ಈಗಿನ ಪವರ್ ಸಪ್ಲೈಗಳಿಗೆ ಸೈನ್ ವೇವ್ ಬೇಕು.

ಶಾಖಕ್ಕೆ ಮಲೆನಾಡಿನಲ್ಲೇನು ಕಾರಣ ಎನ್ನಬೇಡಿ. ನಾವು ಮೊದಲು ಕೆಲಸ ಮಾಡುತ್ತಿದ್ದ ಹಳೆಯ ಮನೆಯಲ್ಲಿ ಬಚ್ಚಲೊಲೆಯ ಹೊಗೆ ಅಟ್ಟಕ್ಕೆ ಬರುತ್ತಿತ್ತು. ಮಸಿ, ತೇವ, ಧೂಳು ಮೂರೂ ಸೇರಿ ಫ್ಯಾನಿನ ರೆಕ್ಕೆಗೆ ಮೇಣದಂತೆ ಅಂಟಿದ್ದವು. ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಬಿಡಿಸಿದ ಮೇಲೆ ಯಂತ್ರ ರಾತ್ರಿಯಿಡೀ ಓಡಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆ ವಾರಗಟ್ಟಲೆ ಮುಚ್ಚಿಟ್ಟ ಯಂತ್ರವನ್ನು ತೆಗೆದವರೇ ರೆಂಡರ್‌ಗೆ ಹಾಕಬೇಡಿ. ಬೆಚ್ಚಗಿನ ಕೋಣೆಯಲ್ಲಿ ಒಂದು ದಿನ ಆರಲು ಬಿಡಿ.

ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ರೆಂಡರ್ ನಿಲ್ಲಿಸಿ ಪ್ಲಗ್ ಕೀಳಿ, ಇಂಟರ್ನೆಟ್ ತಂತಿಯನ್ನೂ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಚಿತ್ರಗಳನ್ನು ಬಿಡಿ ಫ್ರೇಮ್‌ಗಳಾಗಿ ಬರೆಯುತ್ತಿದ್ದರೆ ಮುಗಿದಷ್ಟು ಡಿಸ್ಕಿನಲ್ಲಿ ಉಳಿದಿರುತ್ತದೆ, 2,300ರಲ್ಲಿ ನಿಂತದ್ದು 2,301ರಿಂದ ಮುಂದುವರಿಯುತ್ತದೆ. ನೇರ ವಿಡಿಯೊ ಕಡತವಾಗಿ ಬರೆಯುವವರು ಮಾತ್ರ ಗುಡುಗಿನ ಮುಂದೆ ಜೂಜಾಡುತ್ತಿರುತ್ತಾರೆ.

ಎಲ್ಲಿ ಕೈ ಬಿಡಬೇಕು

ಸುಟ್ಟ ವಾಸನೆ, ಪೆಟ್ಟಿಗೆಯ ಲೋಹ ಮುಟ್ಟಿದರೆ ಜುಮ್ಮೆನ್ನುವುದು, ಯುಪಿಎಸ್ ಬ್ಯಾಟರಿ ಉಬ್ಬಿರುವುದು: ಈ ಮೂರರಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ. ಜುಮ್ಮೆನ್ನುವುದು ಅರ್ಥಿಂಗ್ ಇಲ್ಲವೆಂಬುದರ ಸೂಚನೆ. ಕರೆಯಬೇಕಾದದ್ದು ಎಲೆಕ್ಟ್ರಿಷಿಯನ್‌ರನ್ನು, ಕಂಪ್ಯೂಟರ್ ಅಂಗಡಿಯವರನ್ನಲ್ಲ. ಪವರ್ ಸಪ್ಲೈ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ ಅಪಾಯದ ವಿದ್ಯುತ್ ಉಳಿದಿರುತ್ತದೆ. ಎಂಜಿನ್‌ನ ಸಣ್ಣ ಮಾದರಿ ದೃಶ್ಯವೂ ನಿಮ್ಮ ಯಂತ್ರದಲ್ಲಿ ಬಿದ್ದರೆ, ಮಿತಿ ತಗ್ಗಿಸಿದರೂ ಬಿದ್ದರೆ, ಕಾರ್ಡು ವಾರಂಟಿಗೆ ಹೋಗಬೇಕು.

ದೃಶ್ಯದ ದೋಷಕ್ಕೆ ಬಲ್ಲವರನ್ನು ಕೇಳುವುದಾದರೆ ಪರದೆಯ ಫೋಟೊ ಕಳಿಸಿ “ಸರ್, ಆಗುತ್ತಿಲ್ಲ” ಎಂದರೆ ಅವರಿಗೂ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಆವೃತ್ತಿ, ಡ್ರೈವರ್ ಆವೃತ್ತಿ, ಕೆಟ್ಟ 20 ಫ್ರೇಮ್, ನೀವು ಬದಲಿಸಿದ್ದರ ಪಟ್ಟಿ ಕಳಿಸಿ. ಪ್ರಾಜೆಕ್ಟಿನ ‘ಸೇವ್ಡ್’ ಫೋಲ್ಡರಿನಲ್ಲಿ ‘ಲಾಗ್ಸ್’ ಇರುತ್ತದೆ, ಅದರ ಹೊಸ ಕಡತವನ್ನೂ ಸೇರಿಸಿ. ನೀವೇ ಓದುವುದಾದರೆ ಕೊನೆಯ ಸಾಲಿನ ಎರರ್ ನೋಡಬೇಡಿ, ಮೊದಲು ಬಂದ ಎರರ್ ಹುಡುಕಿ; ಕೆಳಗಿನವು ಬಹುಪಾಲು ಅದರ ಮರಿಗಳು.